ಮಂಡಿ ಬಗ್ಗಿಸಿದರೆ ಸಾಲದು, ಮೂಟೆ ಹಗುರಾಗಬೇಕು

‘ಮಂಡಿ ಬಗ್ಗಿಸಿ, ಬೆನ್ನು ನೇರವಾಗಿಟ್ಟು ಎತ್ತಿದರೆ ಸೊಂಟಕ್ಕೆ ಅಪಾಯವಿಲ್ಲ’ ಎಂದು ಭಾರ ಎತ್ತುವ ಕ್ರಮದ ಬಗ್ಗೆ ಬಂದ ಲೇಖನವೊಂದರ ಮಾತನ್ನು ನಾನು ಒಪ್ಪಲಾರೆ. ಕೊಡಗಿನಲ್ಲಿ ಕಾಫಿ ಮೂಟೆ ಎಂದರೆ 50 ಕೆ.ಜಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯು ಭಾರ ಎತ್ತುವುದಕ್ಕೆಂದು ರೂಪಿಸಿದ 1991ರ ಸೂತ್ರವು ಎಲ್ಲವೂ ಅನುಕೂಲವಾಗಿದ್ದಾಗಲೂ 23 ಕೆ.ಜಿ.ಗೇ ಮಿತಿ ಹಾಕುತ್ತದೆ. ಇಳಿಜಾರಿನ ತೋಟದಲ್ಲಿ ಕಾಲೂರಲು ಸಮತಟ್ಟು ಜಾಗವೇ ಇರುವುದಿಲ್ಲ. ಮೂಟೆಯ ಕಿವಿ ಹಿಡಿದೆತ್ತಿ, ಪಾದ ತಿರುಗಿಸದೆ ಸೊಂಟವನ್ನಷ್ಟೇ ತಿರುಚಿ ಜೀಪಿಗೆ ಎಸೆಯುತ್ತಾರಲ್ಲ, ನಮ್ಮ ಕಣದಲ್ಲಿ ಹೆಚ್ಚಿನವರಿಗೆ ಸೊಂಟ ಉಳುಕಿದ್ದು ಆ ಗಳಿಗೆಯಲ್ಲೇ. ಈಗ ತೋಟದೊಳಗೆ ಅರ್ಧ ಮೂಟೆಯನ್ನಷ್ಟೇ ತುಂಬಿಸುತ್ತೇವೆ, ಜೀಪಿಗೆ ಇಬ್ಬರು ಸೇರಿ ಏರಿಸುತ್ತಾರೆ. ಕೊಯ್ಲಿನ ಸಂಜೆ ಹೊತ್ತು ಹೆಚ್ಚು ಹಿಡಿಯುತ್ತದೆ ನಿಜ, ಹಿಡಿಯಲಿ! ಕಾರ್ಮಿಕರಿಗೆ ಎತ್ತುವ ಕ್ರಮ ಹೇಳಿಕೊಡುವ ಮೊದಲು ಮಾಲೀಕರು ಮೂಟೆಯ ತೂಕ ಇಳಿಸಲಿ.