ಸಂಬಳವೋ, ಗೌರವಧನವೋ

ನಮ್ಮ ಕಡೆ ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಉಪ್ಪು ಬೀಳುವಷ್ಟರಲ್ಲಿ ಪಕ್ಕದವರು ಕೇಳಿಬಿಡುತ್ತಾರೆ, ‘ಸಂಬಳ ಎಷ್ಟು?’ ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಕೇಳಿದರೆ ಮುಖ ತಿರುಗಿಸಿಕೊಳ್ಳುತ್ತಾರೆ. ತಮಾಷೆಯೆಂದರೆ ನಾನಿರುವ ಕಡೆ ಕೇಳುವ ಅಗತ್ಯವೇ ಇಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಸಾರ್ವಜನಿಕ ಸಂಸ್ಥೆ. ತನ್ನ ನೌಕರರ ವರ್ಷದ ಗಳಿಕೆಯನ್ನು ಹೆಸರುಸಮೇತ ಜಾಲತಾಣದಲ್ಲಿ ಹಾಕುತ್ತದೆ. ಅಲ್ಲಿ ಗುಮಾಸ್ತಿಕೆಗೆ ಸೇರಿದ ಮೊದಲ ವಾರ ಬಾಗಿಲು ಮುಂದೆ ಮಾಡಿಕೊಂಡು, ಕಳ್ಳನ ಹಾಗೆ ಮೇಲಧಿಕಾರಿಯ ಹೆಸರು ಒತ್ತಿ ನೋಡಿದ್ದೆ. ಆಮೇಲೆ ಫುಟ್‌ಬಾಲ್ ತರಬೇತುದಾರರ ಸಾಲು ಕಣ್ಣಿಗೆ ಬಿತ್ತು. ಕುಲಪತಿಗಿಂತ ಹಲವು ಪಟ್ಟು! ಇದು ಅನ್ಯಾಯವೇ. ಆದರೆ ಕಣ್ಣಿಗೆ ಕಾಣುವ ಅನ್ಯಾಯ. ಅಂಕಿ ಹಿಡಿದು ಜಗಳ ಆಡಬಹುದು.

ಜಗಳ ಆಡಿದ್ದನ್ನೂ ನೋಡಿದ್ದೇನೆ. 2021ರ ನವೆಂಬರ್‌ನಲ್ಲಿ ಇಲ್ಲಿನ ಗುತ್ತಿಗೆ ಉಪನ್ಯಾಸಕರು ಮುಷ್ಕರಕ್ಕೆ ಸಜ್ಜಾಗಿ ಫಲಕ ಬರೆದಿಟ್ಟುಕೊಂಡಿದ್ದರು. ಮುಷ್ಕರದ ದಿನ ಬೆಳಗಾಗುವ ಹೊತ್ತಿಗೆ ಒಪ್ಪಂದವಾಯಿತು: ಐದು ವರ್ಷಗಳಲ್ಲಿ ಸರಾಸರಿ ಶೇ 30ರಷ್ಟು ಏರಿಕೆ, ಮೊದಲಿಗಿಂತ ದೀರ್ಘ ಅವಧಿಯ ನೇಮಕ. ಮರುವರ್ಷ ಸಂಶೋಧನಾ ವಿದ್ಯಾರ್ಥಿಗಳು, ಬೋಧನಾ ಸಹಾಯಕರು, ಪಿಎಚ್‌ಡಿ ಮುಗಿಸಿ ಬಂದ ಪೋಸ್ಟ್‌ಡಾಕ್ ಸಂಶೋಧಕರು ಸೇರಿ ಸುಮಾರು 48,000 ಮಂದಿ ಮುಷ್ಕರ ಹೂಡಿ ಹೊರಗೆ ನಿಂತರು. ಹತ್ತು ಕ್ಯಾಂಪಸ್, ಸುಮಾರು ಆರು ವಾರ. ಸಂಬಳದ ಅರ್ಧಕ್ಕಿಂತ ಹೆಚ್ಚು ಬಾಡಿಗೆಗೇ ಹೋಗುತ್ತದೆ ಎಂಬುದು ಅವರಲ್ಲಿ ಅನೇಕರ ಅಳಲು. ಕೊನೆಗೆ ಏರಿಕೆ ಸಿಕ್ಕಿತು. ಯಾವ ತಿಂಗಳಿನಿಂದ ಎಷ್ಟು ಎಂಬುದು ಕಾಗದದಲ್ಲಿ ಅಚ್ಚಾಯಿತು.

ಇನ್ನು ನನ್ನ ಭಾವಮೈದನ ಮಾತು. ಊರಿನ ಕಡೆ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಅರ್ಥಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕ. (ಹದಿನಾಲ್ಕು ವರ್ಷ ಉಳಿಯುವ ಅತಿಥಿಯನ್ನು ನಮ್ಮ ಸರ್ಕಾರದ ಬಳಿ ಮಾತ್ರ ಕಾಣಬಹುದು.) ‘ಸಂಬಳ ಬಂತೇನಪ್ಪ?’ ಎಂದರೆ, ‘ಸಂಬಳ ಅಲ್ಲ ಭಾವ, ಗೌರವಧನ’ ಎಂದು ತಿದ್ದುತ್ತಾನೆ. ಊರಿಗೆ ಹೋದಾಗ ಅವನ ಪಾಸ್‌ಬುಕ್ ನೋಡಿದೆ. ಮೂರು ತಿಂಗಳು ಖಾಲಿ, ನಾಲ್ಕನೆಯ ತಿಂಗಳು ಒಟ್ಟಿಗೆ ಜಮಾ. ನಡುವೆ ಸಹಕಾರ ಸಂಘದ ಸಾಲದ ಬಡ್ಡಿ, ಅವನ ಅಕ್ಕನ ಒಡವೆ ಅಡವಿಟ್ಟ ಚೀಟಿ.

2022ರ ಜನವರಿಯವರೆಗೆ ಇವರಿಗೆ ತಿಂಗಳಿಗೆ ಹನ್ನೊಂದೋ ಹದಿಮೂರೋ ಸಾವಿರ. ಆಗ ಸರ್ಕಾರ ಅರ್ಹತೆ, ಅನುಭವ ನೋಡಿ 26,000ದಿಂದ 32,000ದವರೆಗೆ ಏರಿಸಿತು. ದೊಡ್ಡ ಏರಿಕೆಯೇ, ಅಲ್ಲಗಳೆಯುವುದಿಲ್ಲ. ಆದರೆ ಅದೇ ಆದೇಶದಲ್ಲಿ ವಾರದ ಕಾರ್ಯಭಾರ 15 ಗಂಟೆಯಾಯಿತು. ಇಬ್ಬರು ಹಂಚಿಕೊಂಡಿದ್ದ ತರಗತಿಗಳು ಒಬ್ಬರಿಗೆ ಸೇರಿದವು. ಭಾವಮೈದನ ಎದುರಿನ ಮೇಜಿನವರು ಈಗ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಆಮೇಲೆ 2023ರ ಕೊನೆಯಲ್ಲಿ ಕಾಯಮಾತಿಗಾಗಿ ತರಗತಿ ಬಹಿಷ್ಕಾರ, ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ. ಸಿಕ್ಕಿದ್ದು ಐದರಿಂದ ಎಂಟು ಸಾವಿರದ ಹೆಚ್ಚಳದ ಭರವಸೆ. ಕಾಯಮಾತಿ ಮಾತ್ರ ಇಲ್ಲ. ಅವನ ಪಕ್ಕದ ಕೊಠಡಿಯಲ್ಲಿ ಅದೇ ಪಾಠ ಹೇಳುವ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನವೇ 57,700, ತುಟ್ಟಿಭತ್ಯೆ ಬೇರೆ.

ಅಮೆರಿಕದಲ್ಲಿ ಎಲ್ಲ ನೆಟ್ಟಗಿದೆ ಎಂದು ಹೊಗಳುವ ಜಾತಿ ನನ್ನದಲ್ಲ. ಮುಷ್ಕರದ ನಂತರ ಖರ್ಚು ಹೆಚ್ಚಿತೆಂದು ಕೆಲವು ವಿಭಾಗಗಳು ಪಿಎಚ್‌ಡಿ ಪ್ರವೇಶವನ್ನೇ ಇಳಿಸಿದವು. 15 ಗಂಟೆಯ ಲೆಕ್ಕದ ಅಣ್ಣನೋ ತಮ್ಮನೋ ಅದು. ಹಣದ ಚೀಲ ಹಿಗ್ಗದೆ ಸಂಬಳ ಹಿಗ್ಗಿಸಿದರೆ ಎಲ್ಲಿಯಾದರೂ ಯಾರೋ ಒಬ್ಬರು ಹೊರಗೆ ಬೀಳುತ್ತಾರೆ. ನನಗೆ ವ್ಯತ್ಯಾಸ ಕಾಣುವುದು ಬೇರೆಡೆ. ಇಲ್ಲಿ ಕೊಡುವವರು, ಪಡೆಯುವವರು ಇಬ್ಬರೂ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಅಲ್ಲಿ ಒಬ್ಬರು ಆದೇಶ ಹೊರಡಿಸುತ್ತಾರೆ, ಇನ್ನೊಬ್ಬರು ಮಂತ್ರಿಗೆ ಹಾರ ಹಾಕುತ್ತಾರೆ. ಕೊಡುವವರು ಅದನ್ನು ಗೌರವಧನ ಎನ್ನುವವರೆಗೆ ಪಡೆಯುವವನು ಬಾಕಿ ಕೇಳಲೂ ಹಿಂಜರಿಯುತ್ತಾನೆ. ದಕ್ಷಿಣೆ ತಡವಾಯಿತೆಂದು ಯಾರಾದರೂ ತಗಾದೆ ಮಾಡುತ್ತಾರೆಯೇ?

ಮೊದಲು ಆ ಪದವನ್ನು ಕಿತ್ತುಹಾಕಿ ‘ವೇತನ’ ಎಂದು ಬರೆಯಲಿ. ತಿಂಗಳ ಇಂಥ ತಾರೀಖಿಗೆ ಎಂದು ನಿಗದಿಯಾಗಲಿ, ತಪ್ಪಿದರೆ ಬಡ್ಡಿ ಸೇರಿಸಿ ಕೊಡಲಿ. ಯಾವ ಕಾಲೇಜಿನಲ್ಲಿ ಎಷ್ಟು ಹುದ್ದೆ ಖಾಲಿ, ಎಷ್ಟು ಮಂದಿಗೆ ಎಷ್ಟು ಬಾಕಿ ಎಂಬುದು ಸೂಚನಾ ಫಲಕದ ಮೇಲಿರಲಿ. ಕಾಯಮಾತಿಯ ದೊಡ್ಡ ಜಗಳ ಬಗೆಹರಿಯುವವರೆಗೆ ಇಷ್ಟಕ್ಕೆ ಹೊಸ ಬೊಕ್ಕಸವೇನೂ ಬೇಡ.

ಇದನ್ನೆಲ್ಲ ಫೋನಿನಲ್ಲಿ ಭಾವಮೈದನಿಗೆ ಉತ್ಸಾಹದಿಂದ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡು, ‘ಭಾವ, ನಿಮ್ಮ ಆ ಜಾಲತಾಣದಲ್ಲಿ ನಿಮ್ಮ ಸಂಬಳವೂ ಕಾಣುತ್ತದಾ?’ ಎಂದ. ಕಾಣುತ್ತದೆ ಎಂದೆ. ‘ಹಾಗಾದರೆ ಅಕ್ಕನಿಗೆ ಹೇಳಬೇಡಿ, ಮುಂದಿನ ಸಲ ನಾನೇ ನೋಡಿಕೊಂಡು ಸಾಲ ಕೇಳುತ್ತೇನೆ’ ಎಂದು ನಕ್ಕ.