ಉಡುಗೊರೆ ನಾಯಿಗೋ, ನಮ್ಮ ಕಣ್ಣಿಗೋ?

ನಿನ್ನೆ ಸಂಜೆ ನಮ್ಮ ನಾಯಿ ಬೊಗ್ಗನಿಗೆ ಉಣುಗಿನ ಔಷಧಿ ತರಲೆಂದು ಮಂಗಳೂರಿನ ಕಂಕನಾಡಿ ಕಡೆಯ ಒಂದು ಪೆಟ್ ಶಾಪ್‌ಗೆ ಹೋಗಿದ್ದೆ. ಅಲ್ಲಿ ಕಂಡದ್ದರಿಂದ ಮನಸ್ಸು ಎಷ್ಟು ಕದಡಿಹೋಯಿತೆಂದರೆ, ರಾತ್ರಿ ಊಟ ಮುಗಿದ ಮೇಲೂ ಸಿಟ್ಟು ಇಳಿಯಲಿಲ್ಲ. ಅಂಗಡಿಯ ಮುಂಭಾಗವೆಲ್ಲ ಕ್ರಿಸ್ಮಸ್‌ನ ಕೆಂಪು-ಬಿಳಿ ಸರಕಿನಿಂದ ತುಂಬಿತ್ತು. ನಾಯಿಗೆ ಸಾಂತಾ ಕ್ಲಾಸ್ ಅಂಗಿ, ಬೆಕ್ಕಿಗೆ ಜಿಂಕೆಕೊಂಬಿನ ಟೊಪ್ಪಿ, ಗಂಟೆ ಪೋಣಿಸಿದ ಕುತ್ತಿಗೆಪಟ್ಟಿ, ಮಿರುಗುವ ರಿಬ್ಬನ್ ಸುತ್ತಿದ ಬುಟ್ಟಿಗಳು. ಕೌಂಟರಿನ ಬಳಿ ಯುವ ದಂಪತಿ ತಮ್ಮ ಗೋಲ್ಡನ್ ರಿಟ್ರೀವರ್‌ಗೆ ಆ ದಪ್ಪ ಕೆಂಪು ಅಂಗಿಯನ್ನು ತೊಡಿಸಿ, ಗಲ್ಲದ ಕೆಳಗೆ ಟೊಪ್ಪಿಯ ಇಲಾಸ್ಟಿಕ್ ಎಳೆದು ಕೂರಿಸಿ, ಫೋಟೊ ತೆಗೆಯುತ್ತಿದ್ದರು. ನಾಯಿ ಅಲುಗಾಡದೆ ಕುಳಿತಿತ್ತು. ಬಾಲ ತೊಡೆಯ ಸಂದಿಗೆ ಸೇರಿತ್ತು, ಕಿವಿಗಳು ಹಿಂದಕ್ಕೆ ಅಂಟಿಕೊಂಡಿದ್ದವು, ಕಣ್ಣಿನ ಬಿಳಿಯ ಅಂಚು ಕಾಣುತ್ತಿತ್ತು, ತಿನ್ನಲು ಏನೂ ಕೊಡದಿದ್ದರೂ ಅದು ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುತ್ತಿತ್ತು. ನಾಯಿ ಸಾಕಿ ಬಲ್ಲವರಿಗೆ ಇವೆಲ್ಲ ಭಯದ ಲಕ್ಷಣಗಳೆಂದು ಬೇರೆ ಹೇಳಬೇಕಾಗಿಲ್ಲ. "ನೋಡಿ, ಎಷ್ಟು ಚಂದ ಪೋಸ್ ಕೊಡ್ತಾನೆ" ಎಂದು ಆ ಹುಡುಗಿ ಸಂತೋಷದಿಂದ ಹೇಳಿದಳು. ಸುಮ್ಮನಿರಲಾಗದೆ, "ಅದು ಹೆದರಿದೆ ಮಾರಾಯ್ರೆ, ಬಿಚ್ಚಿಬಿಡಿ" ಎಂದೆ. "ಏನೂ ಆಗುವುದಿಲ್ಲ ಆಂಟಿ, ಎರಡು ಫೋಟೊ ತೆಗೆದು ಬಿಚ್ಚುತ್ತೇವೆ" ಎಂದು ಹುಡುಗ ವಿನಯದಿಂದಲೇ ಉತ್ತರಿಸಿದ.

ಆ ಇಬ್ಬರಿಗೆ ನಾಯಿಯ ಮೇಲೆ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ. ಆದರೆ ಉಡುಗೊರೆ ಎಂಬುದು ಪಡೆಯುವ ಜೀವಕ್ಕೆ ಸಲ್ಲಬೇಕಾದದ್ದು. ಅದನ್ನು ಆರಿಸುವಾಗ ನಾಯಿಯ ಮೂಗು, ಬೆಕ್ಕಿನ ಉಗುರು, ಮೊಲದ ಹಲ್ಲು ನಮ್ಮ ಲಕ್ಷ್ಯದಲ್ಲಿರಬೇಕು. ಆ ಅಂಗಡಿಯಲ್ಲಿ ಕಂಡ ಸರಕಿನಲ್ಲಿ ಹೆಚ್ಚಿನದು ನಮ್ಮ ಕಣ್ಣಿಗಾಗಿ, ನಮ್ಮ ಮೊಬೈಲಿಗಾಗಿ ತಯಾರಾದದ್ದು.

ಆ ಕೆಂಪು ಬಣ್ಣವನ್ನೇ ತೆಗೆದುಕೊಳ್ಳಿ. ಬಣ್ಣವನ್ನು ಗುರುತಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆಯವಾದರೆ ನಾಯಿಯ ಕಣ್ಣಿನಲ್ಲಿ ಎರಡೇ ಬಗೆಯವು. ಅಮೆರಿಕದ ಜೇ ನೀಟ್ಜ್ ಮತ್ತು ಸಂಗಡಿಗರು ನಾಯಿಗಳನ್ನೇ ಪರೀಕ್ಷಿಸಿ 1989ರಲ್ಲಿ ಇದನ್ನು ತೋರಿಸಿಕೊಟ್ಟರು. ನೀಲಿ ಮತ್ತು ಹಳದಿಯನ್ನು ನಾಯಿ ಚೆನ್ನಾಗಿ ಬೇರ್ಪಡಿಸಬಲ್ಲದು. ಕೆಂಪು ಮತ್ತು ಹಸಿರಿನ ನಡುವಿನ ವ್ಯತ್ಯಾಸ ಅದಕ್ಕೆ ಸಿಗುವುದಿಲ್ಲ. ಅಂದರೆ ಕ್ರಿಸ್ಮಸ್‌ಗೆಂದು ನಾವು ಹುಡುಕಿ ಹುಡುಕಿ ಕೊಳ್ಳುವ ಎರಡು ಬಣ್ಣಗಳೇ ಅದರ ಪಾಲಿಗೆ ಮಂಕು. ಹುಲ್ಲಿನ ಮೇಲೆ ಎಸೆದ ಕೆಂಪು ಚೆಂಡನ್ನು ಅದು ಮೂಗಿನಿಂದ ಹುಡುಕಬೇಕಾಗುತ್ತದೆ. ಚೆಂಡೇ ಕೊಡಬೇಕೆಂದಿದ್ದರೆ ನೀಲಿಯದನ್ನು ಕೊಡಿ, ಅದೂ ಗಂಟಲಿಗೆ ಇಳಿಯಲಾರದಷ್ಟು ದೊಡ್ಡದಿರಲಿ.

ಅಂಗಿಯ ವಿಚಾರವಂತೂ ನನಗೆ ಸಹಿಸಲಾಗದು. ನಮ್ಮ ಮಂಗಳೂರಿನಲ್ಲಿ ಡಿಸೆಂಬರಿನ ಮಧ್ಯಾಹ್ನವೂ 32 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಸಮುದ್ರದ ಕಡೆಯ ತೇವ ಬೇರೆ. ಹತ್ತಿಯ ಬಟ್ಟೆ ತೊಟ್ಟ ನಾವೇ ಫ್ಯಾನ್ ಹುಡುಕುತ್ತೇವೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿಯಲ್ಲಿ ಒಂದಿಷ್ಟು ಬೆವರುವುದು ಬಿಟ್ಟರೆ ನಾಲಗೆ ಚಾಚಿ ಏದುಸಿರು ಬಿಡುವುದೇ ಅದು ಮೈ ತಣಿಸಿಕೊಳ್ಳುವ ಮುಖ್ಯ ದಾರಿ. ಎರಡು ಪದರದ ದಟ್ಟ ರೋಮವನ್ನು ಹುಟ್ಟಿನಿಂದಲೇ ಹೊತ್ತಿರುವ ಪ್ರಾಣಿಗೆ ಮೇಲೊಂದು ಪಾಲಿಯೆಸ್ಟರ್ ಕೋಟು ಹೊದಿಸಿ, ಗಲ್ಲಕ್ಕೆ ಇಲಾಸ್ಟಿಕ್ ಬಿಗಿಯುವುದನ್ನು ಉಡುಗೊರೆ ಎಂದು ಕರೆಯಲು ನನ್ನಿಂದಾಗದು.

"ಮಕ್ಕಳಿಗೆ ಖುಷಿಯಾಗುತ್ತದೆ, ಹಬ್ಬದ ಸಂಭ್ರಮದಲ್ಲಿ ನಾಯಿಯೂ ಸೇರಲಿ" ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಮಕ್ಕಳ ಖುಷಿ ಸಣ್ಣ ಸಂಗತಿಯಲ್ಲ, ಒಪ್ಪುತ್ತೇನೆ. ಆದರೆ ಡಿಸೆಂಬರ್ 25 ಯಾವುದೆಂದು ನಾಯಿಗೆ ಗೊತ್ತಿಲ್ಲ. ಮನೆ ತುಂಬ ಅಪರಿಚಿತರು, ಹೊತ್ತಲ್ಲದ ಹೊತ್ತಿನ ಊಟ, ತಪ್ಪಿಹೋದ ಸಂಜೆಯ ನಡಿಗೆ, ಇವಿಷ್ಟೇ ಅದರ ಅನುಭವಕ್ಕೆ ಬರುವ ಹಬ್ಬ. ಮಕ್ಕಳಿಗೆ ಖುಷಿ ಬೇಕಿದ್ದರೆ ನಾಯಿ ನಿಜವಾಗಿ ಆನಂದಪಡುವುದನ್ನು ಅವರಿಗೆ ತೋರಿಸಿ. ಅದಕ್ಕಿಂತ ದೊಡ್ಡ ಖುಷಿ ಮಕ್ಕಳಿಗೆ ಇಲ್ಲ.

ತಿನಿಸಿನ ಮಾತಿಗೆ ಬರುತ್ತೇನೆ, ಏಕೆಂದರೆ ನಮ್ಮ ಊರಿನಲ್ಲಿ ಪ್ರೀತಿ ತೋರಿಸುವ ದಾರಿಯೇ ಅದು. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ, ಮನೆಯಿಂದ ಮನೆಗೆ ಹೋಗುತ್ತದೆ, ಕಿಡ್ಯೊ, ನೆವ್ರಿ, ಗುಳಿಯೊಗಳ ನಡುವೆ ಪ್ಲಮ್ ಕೇಕಿನ ತುಂಡುಗಳು. "ಪಾಪ, ಅದಕ್ಕೂ ಒಂದು ತುಂಡು" ಎಂದು ಯಾರಾದರೂ ಕೈ ಚಾಚುತ್ತಾರೆ. ಪ್ಲಮ್ ಕೇಕಿನಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಎಷ್ಟು ತಿಂದರೆ ಅಪಾಯ ಎಂಬುದು ಒಂದೊಂದು ನಾಯಿಗೆ ಒಂದೊಂದು ರೀತಿ. ಬಹುಕಾಲ ಇದರ ಕಾರಣ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು ಮುಂದಿಟ್ಟರು. ಹುಣಸೆಹಣ್ಣಿನಲ್ಲಿಯೂ ಅದೇ ಆಮ್ಲ ಹೇರಳವಾಗಿದೆ ಎಂಬುದು, ಹುಣಸೆಹುಳಿ ಹಾಕಿದ ಮೀನಿನ ಪದಾರ್ಥದ ರಸ ಕಲಸಿದ ಅನ್ನವನ್ನು ಹಬ್ಬದೂಟವೆಂದು ನಾಯಿಗೆ ಬಡಿಸುವ ನಮ್ಮೂರಿನವರು ಮುಖ್ಯವಾಗಿ ತಿಳಿಯಬೇಕಾದ ವಿಷಯ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ, ಅದನ್ನು ನಾನು ಹೆಚ್ಚು ಜನರ ಬಳಿ ಹೇಳಿಕೊಂಡವಳಲ್ಲ. ನಾವು ಬಿಜೈಯಲ್ಲಿದ್ದಾಗ ಮನೆಯಲ್ಲಿದ್ದ ನಾಯಿ ಜೂಲಿಯನ್ನು ಹಳೆಯ ಗೆಳೆಯರು ಬಲ್ಲಿರಿ. ಅವಳು ಮುಪ್ಪಿನಿಂದ ಹೋದಳೆಂದೇ ನಿಮ್ಮಲ್ಲಿ ಹಲವರು ತಿಳಿದಿದ್ದೀರಿ. ಹಬ್ಬಕ್ಕೆ ಬಂದ ಅತಿಥಿಯೊಬ್ಬರು ಮೇಜಿನ ಅಡಿಯಲ್ಲಿ ಕೈಯಿಟ್ಟು, ಯಾರಿಗೂ ಹೇಳದೆ, ಅವಳಿಗೆ ಕೇಕ್ ತಿನ್ನಿಸುತ್ತಲೇ ಇದ್ದರಂತೆ. ರಾತ್ರಿ ವಾಂತಿ ಶುರುವಾಯಿತು. ಮರುದಿನ ನೀರಿನ ಬೋಗುಣಿಯ ಮುಂದೆ ನಿಂತರೂ ಕುಡಿಯಲಿಲ್ಲ, ಆಮೇಲೆ ಮೂತ್ರವೇ ಕಟ್ಟಿಹೋಯಿತು. ಡಾಕ್ಟರು ಡ್ರಿಪ್ ಕೊಟ್ಟರು, ಉಳಿಸಿಕೊಳ್ಳಲಾಗಲಿಲ್ಲ. ಆ ಅತಿಥಿಗೆ ಈ ಸಂಗತಿಯನ್ನು ನಾವು ಇಂದಿಗೂ ತಿಳಿಸಿಲ್ಲ. ಅವರು ಕೊಟ್ಟದ್ದು ಪ್ರೀತಿಯಿಂದಲೇ. ನಿನ್ನೆ ಆ ಹುಡುಗ "ಏನೂ ಆಗುವುದಿಲ್ಲ ಆಂಟಿ" ಎಂದಾಗ ನನಗೆ ನೆನಪಾದದ್ದು ಜೂಲಿಯೇ.

ಆದ್ದರಿಂದ ಮೇಜಿನ ಮೇಲಿರುವುದನ್ನು ಉಡುಗೊರೆ ಮಾಡಬೇಡಿ. ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ನಾಯಿಯ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ, ಅಷ್ಟರಲ್ಲಿ ಹೃದಯವನ್ನೂ ನರಗಳನ್ನೂ ಕಾಡುತ್ತದೆ. ಕಪ್ಪು ಚಾಕೊಲೇಟ್ ಹಾಲಿನ ಚಾಕೊಲೇಟಿಗಿಂತ ಹೆಚ್ಚು ಅಪಾಯಕಾರಿ. ಹಂದಿಮಾಂಸದ ಖಾರದ ಪದಾರ್ಥವಾದ ಪೋರ್ಕ್ ಬಫಾತ್‌ನಲ್ಲಿ ಬೆಂದ ನೀರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೆಕ್ಕಿನಲ್ಲಿ ಇನ್ನೂ ಬೇಗ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಸಕ್ಕರೆರಹಿತ ತಿನಿಸುಗಳಲ್ಲಿ ಸಿಹಿಗಾಗಿ ಬಳಸುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಕುಸಿಯುವಂತೆ ಮಾಡುತ್ತದೆ.

ಬೆಕ್ಕುಗಳ ವಿಷಯದಲ್ಲಿ ನನ್ನ ದೂರು ರಿಬ್ಬನ್ನಿನ ಮೇಲೆ. ಬೆಕ್ಕಿನ ನಾಲಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ, ಬಾಯಿಗೆ ಸಿಕ್ಕ ದಾರವನ್ನು ಉಗುಳುವುದು ಅದಕ್ಕೆ ಸುಲಭವಲ್ಲ, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಗೆಯ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಬಿದ್ದು ಇನ್ನೊಂದು ತುದಿ ಮುಂದೆ ಸಾಗಿದರೆ, ಲಾಡಿ ಎಳೆದ ಲಂಗದ ಸೊಂಟದಂತೆ ಕರುಳು ನೆರಿಗೆಗಟ್ಟಿ ಕೊನೆಗೆ ಹರಿಯುತ್ತದೆ. ಆಗ ಶಸ್ತ್ರಚಿಕಿತ್ಸೆಯೊಂದೇ ದಾರಿ. ನಿನ್ನೆ ಅಂಗಡಿಯಲ್ಲಿ ಬೆಕ್ಕಿನ ಉಡುಗೊರೆಯ ಬುಟ್ಟಿಗೇ ಅಂಥ ರಿಬ್ಬನ್ ಸುತ್ತಿಟ್ಟಿದ್ದರು. ಒಳಗೆ ಸಿಹಿ ಬಿಸ್ಕತ್ತು ಬೇರೆ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಸಿಹಿಯನ್ನು ಗುರುತಿಸುವ ಒಂದು ಜೀನ್ ಅದರಲ್ಲಿ ಕೆಟ್ಟುಹೋಗಿದೆಯೆಂದು ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ಕಂಡುಕೊಂಡಿದ್ದಾರೆ. ಹಾಗಾದರೆ ಆ ಸಕ್ಕರೆ ಯಾರಿಗಾಗಿ?

ನಮ್ಮ ಬೆಕ್ಕು ಚಿನ್ನುವಿಗೆ ನಾನು ಕೊಡುವುದು ಯೇಸು ಹುಟ್ಟಿದ ಗೋದಲಿಯ ಬೊಂಬೆಗಳನ್ನು ತುಂಬಿಟ್ಟಿರುವ ರಟ್ಟಿನ ಪೆಟ್ಟಿಗೆಯನ್ನು, ಬೊಂಬೆಗಳೆಲ್ಲ ಹೊರಬಂದ ಮೇಲೆ. ಬದಿಯಲ್ಲಿ ತಲೆ ತೂರುವಷ್ಟು ಒಂದು ಕಿಂಡಿ ಕೊರೆದರೆ ಸಾಕು, ಅವಳಿಗೆ ಅಡಗಲು ಒಂದು ಮನೆಯಾಗುತ್ತದೆ, ನೆಂಟರ ಗದ್ದಲದಿಂದ ಪಾರಾಗುವ ಜಾಗವೂ ಆಗುತ್ತದೆ. ಬೆಕ್ಕುಗಳು ಮೂಸಿ ಮೈಮರೆಯುವ ಹೊರದೇಶದ ಗಿಡ ಕ್ಯಾಟ್‌ನಿಪ್‌ನ ಪುಡಿಗೆ ಹಣ ಸುರಿಯುವ ಅಗತ್ಯವಿಲ್ಲ. ನಮ್ಮ ಹಿತ್ತಿಲುಗಳಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡವನ್ನು ಬೇರುಸಹಿತ ಕಿತ್ತು ಒಮ್ಮೆ ಬೆಕ್ಕಿನ ಮುಂದೆ ಇಟ್ಟು ನೋಡಿ. ಚಿನ್ನು ಮೊದಲು ಬೇರನ್ನು ಮೂಸುತ್ತಾಳೆ, ಕೆನ್ನೆ ಉಜ್ಜುತ್ತಾಳೆ, ಆಮೇಲೆ ಎರಡು ಮುಂಗಾಲುಗಳಲ್ಲಿ ಅದನ್ನು ತಬ್ಬಿಕೊಂಡು ನೆಲದ ಮೇಲೆ ಹೊರಳುತ್ತಾಳೆ. ಕೆಂಪು ಟೊಪ್ಪಿ ತೊಟ್ಟ ಯಾವ ಬೆಕ್ಕಿನ ಮುಖದಲ್ಲಿಯೂ ನಾನು ಅಂಥ ಸಂತೋಷವನ್ನು ಕಂಡಿಲ್ಲ.

ಬೊಗ್ಗನಿಗೆ ಬೂತಾಯಿ ಮೀನು. ಉಪ್ಪು, ಹುಳಿ, ಖಾರ ಏನನ್ನೂ ಹಾಕದೆ ಬೇಯಿಸಿ, ಮುಳ್ಳನ್ನು ಒಂದೊಂದಾಗಿ ಆರಿಸಿ ತೆಗೆದು, ಚೂರುಗಳನ್ನು ಹಳೆಯ ಟವೆಲಿನ ಮಡಿಕೆಗಳಲ್ಲಿ ಅಲ್ಲಲ್ಲಿ ಅಡಗಿಸಿ ಸುತ್ತಿಡುತ್ತೇನೆ. ಅವನು ಮೂಗನ್ನು ಒಳಗೆ ತೂರಿಸಿ, ಉಸಿರೆಳೆಯುವ ಸದ್ದು ಅಡುಗೆಮನೆಯವರೆಗೂ ಕೇಳುವಂತೆ, ಒಂದೊಂದೇ ಮಡಿಕೆ ಬಿಚ್ಚುತ್ತಾನೆ. ಮುಗಿದ ಮೇಲೆ ತಾನಾಗಿ ಗೋಣಿಯ ಮೇಲೆ ಹೋಗಿ ಮಲಗುತ್ತಾನೆ. ಮೂಗಿಗೆ ಕೆಲಸ ಸಿಕ್ಕಿದರೆ ನಾಯಿಗೆ ತೃಪ್ತಿಯ ದಣಿವಾಗುತ್ತದೆ. ನಮ್ಮ ಕರಾವಳಿಯ ಉಣುಗಿನಿಂದ ಬರುವ ಜ್ವರವನ್ನು ತಡೆಯುವ ಔಷಧಿ, ಬಾಕಿ ಉಳಿದಿರುವ ರೇಬೀಸ್ ಲಸಿಕೆ, ಮಳೆಗಾಲಕ್ಕೆ ಮೊದಲು ಹಾಕಿಸಬೇಕಾದ ಇಲಿಜ್ವರದ ಲಸಿಕೆ, ಇವೂ ನನ್ನ ಲೆಕ್ಕದಲ್ಲಿ ಉಡುಗೊರೆಗಳೇ. ಫೋಟೊದಲ್ಲಿ ಇವು ಕಾಣಿಸುವುದಿಲ್ಲ ಎಂಬ ಕಾರಣಕ್ಕೆ ಹಿಂದೆ ಬೀಳುತ್ತವೆ. ಡಿಸೆಂಬರ್ 31ರ ಮಧ್ಯರಾತ್ರಿ ಪಟಾಕಿ ಸಿಡಿಯುವಾಗ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಜೊತೆ ಕುಳಿತಿರುವುದನ್ನೂ ಇದಕ್ಕೆ ಸೇರಿಸುತ್ತೇನೆ.

ಪ್ರಾಣಿಗೆ ಉಡುಗೊರೆ ಕೊಡುವುದರ ಬದಲು ಪ್ರಾಣಿಯನ್ನೇ ಉಡುಗೊರೆಯಾಗಿ ಕೊಡುವವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟಿದೆ. ನಾಯಿ ಬದುಕಿನುದ್ದಕ್ಕೂ ಜೊತೆಗಿರುವಂಥದು, ಕ್ರಿಸ್ಮಸ್‌ಗೆ ಮಾತ್ರವಲ್ಲ ಎಂಬ ಘೋಷಣೆಯನ್ನು ಇಂಗ್ಲೆಂಡಿನಲ್ಲಿ, ಇಂದು ಡಾಗ್ಸ್ ಟ್ರಸ್ಟ್ ಎಂದು ಹೆಸರಾಗಿರುವ ಸಂಸ್ಥೆಯ ಕ್ಲಾರಿಸಾ ಬಾಲ್ಡ್‌ವಿನ್ 1978ರಲ್ಲಿ ರೂಪಿಸಿದರು. ಅಷ್ಟು ಹಳೆಯ ಮಾತು ನಮ್ಮ ಊರಿಗೆ ಇನ್ನೂ ತಲಪಿಲ್ಲ. ರಿಬ್ಬನ್ ಕಟ್ಟಿದ ನಾಯಿಮರಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಅದನ್ನು ನೋಡಿಕೊಳ್ಳಬೇಕಾದವರು ಒಪ್ಪಿದ್ದಾರೆಯೇ ಎಂದು ಮೊದಲು ಕೇಳಿ. ಮಕ್ಕಳಿಗೆ ಪಂಜರದ ಗಿಳಿ ತಂದುಕೊಡುವ ಯೋಚನೆಯಿದ್ದರೆ ಅದನ್ನು ಇಲ್ಲಿಗೇ ಕೈಬಿಡಿ, ನಮ್ಮ ಕಾಡಿನ ಗಿಳಿಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಇದನ್ನು ಬರೆಯುತ್ತಿರುವಾಗಲೇ ತಂಗಿಯ ಮಗಳು ಫೋನ್ ಮಾಡಿ, "ದೊಡ್ಡಮ್ಮ, ನಮ್ಮ ಮೊಲಕ್ಕೆ ಕ್ರಿಸ್ಮಸ್‌ಗೆ ಏನು ತರಲಿ? ಅಂಗಡಿಯಲ್ಲಿ ಕ್ಯಾರೆಟ್ ಆಕಾರದ ಸಿಹಿ ತಿನಿಸು ಇದೆ" ಎಂದು ಕೇಳಿದಳು. ಮೊಲದ ಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ, ಅದನ್ನು ಸವೆಸಲು ಹುಲ್ಲು ಮತ್ತು ಕಡಿಯಲು ಕೊಂಬೆ ಬೇಕು, ಸಿಹಿ ಅದರ ಹೊಟ್ಟೆಗೆ ಒಗ್ಗುವುದಿಲ್ಲ ಎಂದು ವಿವರಿಸಿದೆ. ಶನಿವಾರ ಬರುತ್ತಾಳಂತೆ. ಹಿತ್ತಿಲಿನ ಪೇರಳೆ ಮರದ ಎಳೆಯ ಕೊಂಬೆಗಳನ್ನು ಕಡಿದು ತೊಳೆದು ಕಟ್ಟಿಕೊಡುತ್ತೇನೆ. ಆ ಮರಕ್ಕೆ ನಾವು ಯಾವ ಔಷಧಿಯನ್ನೂ ಹೊಡೆಯುವುದಿಲ್ಲ. ಮೊಲ ಸಾಕಿರುವ ಬೇರೆಯವರು ಇದ್ದರೆ ಶುಕ್ರವಾರದೊಳಗೆ ತಿಳಿಸಿ, ನಿಮ್ಮ ಪಾಲನ್ನೂ ತೆಗೆದಿಡುತ್ತೇನೆ.