ಓವರ್ ಕೊಡುವ ಹೊತ್ತಿಗೆ ನಾವು ಬಸ್ಸಿನಲ್ಲಿದ್ದೆವು

ನರ್ಸಿಂಗ್ ಓದಲು ಹಾವೇರಿ ಕಡೆಯಿಂದ ಮಂಗಳೂರಿಗೆ ಬಂದವನು ನಾನು. ಈಗ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಸ್ಟಾಫ್ ನರ್ಸ್. ವಾರ್ಡಿಗೆ ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಎರಡನೇ ವರ್ಷದ ಒಂದು ಬೆಳಗ್ಗೆ ನೆನಪಾಗುತ್ತದೆ.

ಮೇಲ್ ವಾರ್ಡಿನ ಪೋಸ್ಟಿಂಗ್. ಕಾಲೇಜು ಬಸ್ಸು ನಮ್ಮನ್ನು ಇಳಿಸಿದ್ದು 8 ಗಂಟೆಗೆ. ಅಷ್ಟರಲ್ಲಿ ನೈಟ್ ಡ್ಯೂಟಿಯವರು ಓವರ್ ಕೊಟ್ಟು ಹೋಗಿ ಅರ್ಧ ಗಂಟೆಯಾಗಿತ್ತು. ಪಾಳಿ ಬದಲಾಗುವಾಗ ಪೇಶೆಂಟುಗಳ ವಿಷಯ ಒಪ್ಪಿಸುವುದಕ್ಕೆ ನಾವು ಓವರ್ ಅನ್ನುತ್ತಿದ್ದೆವು. ಹ್ಯಾಂಡೋವರ್ ಅಂತ ಪೂರ್ತಿ ಹೇಳುವಷ್ಟು ಪುರಸೊತ್ತು ಯಾರಿಗಿತ್ತು? ನಾನು ಬೆಡ್ ಮೇಕಿಂಗ್ ಮಾಡುತ್ತಿದ್ದೆ. ಮೂಲೆಯ ಬೆಡ್ಡಿನವರ ಹೆಂಡತಿ ಸ್ಟೀಲ್ ಡಬ್ಬಿ ಹಿಡಿದುಕೊಂಡು "ಬ್ರದರ್, ಗಂಜಿ ಕೊರೊಲಿಯಾ?" ಎಂದು ತುಳುವಿನಲ್ಲಿ ಕೇಳಿದರು. ಗಂಜಿ ಅನ್ನುವುದೊಂದು ಅರ್ಥವಾಯಿತು. ಸುಮ್ನೆ ತಲೆಯಾಡಿಸಿದೆ. ಕೊಡಬಹುದಾ ಎಂದು ಅವರು ಕೇಳಿದ್ದು. ಆ ಮನುಷ್ಯನಿಗೆ 10 ಗಂಟೆಗೆ ಎಂಡೋಸ್ಕೋಪಿ ಇತ್ತು. ರಾತ್ರಿಯಿಂದ ಎನ್‌ಪಿಒ, ಬಾಯಿಗೆ ಏನೂ ಕೊಡುವಂತಿಲ್ಲ. ರಾತ್ರಿ ಜೊತೆಗಿದ್ದ ಮಗ ಅದನ್ನು ಅಮ್ಮನಿಗೆ ಹೇಳದೆ ಕೆಲಸಕ್ಕೆ ಹೋಗಿಬಿಟ್ಟಿದ್ದ. ಅವರ ಮನೆಯಲ್ಲೂ ಓವರ್ ತಪ್ಪಿತ್ತು ಅನ್ನಿ.

ಎಂಡೋಸ್ಕೋಪಿ ಮರುದಿನಕ್ಕೆ ಹೋಯಿತು. "ಓವರಲ್ಲಿ ಹೇಳಿದ್ದು ನೀನು ಕೇಳ್ಲಿಲ್ವಾ ಮಾರಾಯ?" ಎಂದು ಸಿಸ್ಟರ್ ಬೈದರು. ಓವರಿನ ಹೊತ್ತಿಗೆ ನಾನು ಬಸ್ಸಿನ ಕಿಟಕಿ ಪಕ್ಕ ನಿದ್ದೆ ಹೊಡೆಯುತ್ತಿದ್ದೆ. ಅದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ.

ಮಧ್ಯಾಹ್ನವೂ ಇದೇ ಕತೆ. ಪಾಳಿ ಬದಲಾಗುವುದು 2 ಗಂಟೆಗೆ, ನಮ್ಮ ಬಸ್ಸು ಹೊರಡುವುದು 1 ಗಂಟೆಗೆ. ಹಾಗಾಗಿ ಓವರ್ ಅನ್ನುವುದು ನಮಗೆ ಪರೀಕ್ಷೆಯ ಪ್ರಶ್ನೆಯಾಗಿಯೇ ಉಳಿಯಿತು. ಐದು ಅಂಕಕ್ಕೆ ಬರೆದಿದ್ದೇವೆ, ಒಂದು ಸಲವೂ ಕೊಟ್ಟಿಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ ವಿದ್ಯಾರ್ಥಿ ಬೆಳಗಿನ ಓವರಿಗೇ ಬಂದು ಕೂರುತ್ತಾಳೆ. ಸ್ಟಾಫ್ ನರ್ಸುಗಳಂತೆಯೇ ಹನ್ನೆರಡು ಗಂಟೆಯ ಪಾಳಿ ಮಾಡುತ್ತಾಳೆ. ಕೈಗೆ ಒಂದು ಪ್ರಿಂಟ್ ಹಾಳೆ ಬರುತ್ತದೆ: ಹೆಸರು, ವಯಸ್ಸು, ಕಾಯಿಲೆ, ಇವತ್ತು ಆಗಬೇಕಾದದ್ದು. ನರ್ಸ್ ಆಗಿ ನೋಂದಣಿಯಾಗಲು ಇಲ್ಲಿ 2300 ಗಂಟೆ ಪಾಠ, ಅಷ್ಟೇ ಗಂಟೆ ಪ್ರಾಯೋಗಿಕ ತರಬೇತಿ ಆಗಬೇಕು. ವಾರ್ಡಿನಲ್ಲಿ ಆಕೆಯನ್ನು ಸಿಬ್ಬಂದಿಯ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬ ನಿಯಮವಿದೆ. ಆಳು ಕಮ್ಮಿ ಇದ್ದ ದಿನ ಅದೆಲ್ಲ ಎಷ್ಟು ನಡೆಯುತ್ತದೆ ಅನ್ನುವುದು ಬೇರೆ ಮಾತು.

ಹಾಗಂತ ಇಲ್ಲಿಯದೆಲ್ಲ ಸರಿ ಅನ್ನಬೇಡಿ. ಆ ಹಾಳೆಯ ಮೇಲೆ ನನಗೆ ಸಿಟ್ಟಿದೆ. ನಿನ್ನೆಯ ಸಾಲನ್ನೇ ಇವತ್ತಿಗೂ ಉಳಿಸಿಕೊಂಡು ಪ್ರಿಂಟ್ ತೆಗೆಯುತ್ತಾರೆ. ಒಮ್ಮೆ ನಾನು ಕೆಲಸ ಮಾಡಿದ ವಾರ್ಡಿನಲ್ಲಿ ಒಬ್ಬ ಅಜ್ಜ "ವಾಕರ್ ಹಿಡಿದು ನಡೆಯುತ್ತಾರೆ" ಎಂದು ಹಾಳೆಯಲ್ಲಿತ್ತು. ಅವರು ಎರಡು ದಿನದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಹಾಳೆ ನಂಬಿದ ವಿದ್ಯಾರ್ಥಿನಿ ಅವರನ್ನು ಎಬ್ಬಿಸಲು ಹೋದಳು. ಪುಣ್ಯಕ್ಕೆ ನಾನು ಹತ್ತಿರದಲ್ಲೇ ಇದ್ದೆ. ಓವರ್ ನಡೆದದ್ದು ಬಾಗಿಲು ಹಾಕಿದ ಸ್ಟಾಫ್ ರೂಮಿನಲ್ಲಿ. ಅಲ್ಲಿ ಯಾರೂ ಅಜ್ಜನ ಮುಖ ನೋಡಿರಲಿಲ್ಲ.

ಮಂಗಳೂರಿನಲ್ಲಿ ಇದು ಆಗುತ್ತಿರಲಿಲ್ಲ ಅನ್ನಿಸುತ್ತದೆ. ಅಲ್ಲಿ ಹೋಗುವ ಸಿಸ್ಟರ್, ಬರುವ ಸಿಸ್ಟರ್ ಇಬ್ಬರೂ ಬೆಡ್ಡಿನಿಂದ ಬೆಡ್ಡಿಗೆ ನಡೆಯುತ್ತಿದ್ದರು. ಡ್ರಿಪ್ ಎಷ್ಟು ಉಳಿದಿದೆ, ಡ್ರಿಪ್ಪಿನ ಕೊಳವೆ, ಅಂದರೆ ಕ್ಯಾನುಲಾ, ಹಾಕಿದ ಕೈ ಊದಿದೆಯಾ, ಯೂರಿನ್ ಬ್ಯಾಗ್ ತುಂಬಿದೆಯಾ ಎಂದು ಕಣ್ಣಾರೆ ನೋಡುತ್ತಿದ್ದರು. ಇಂಗ್ಲಿಷಿನಲ್ಲಿ ಶುರುವಾದ ಮಾತು ಮಲಯಾಳಂಗೆ ತಿರುಗಿ ತುಳುವಿನಲ್ಲಿ ಮುಗಿಯುತ್ತಿತ್ತು. ನಡುವೆ ಬೈಸ್ಟ್ಯಾಂಡರ್, ಅಂದರೆ ಪೇಶೆಂಟಿನ ಜೊತೆಗಿರುವ ಮನೆಯವರು, ಬಾಯಿ ಹಾಕುತ್ತಿದ್ದರು: "ಇಲ್ಲ ಸಿಸ್ಟರ್, ರಾತ್ರಿ ಎರಡು ಸಲ ವಾಂತಿ ಆಗಿದೆ." ಮಂಚದ ಕೆಳಗೆ ಚಾಪೆ ಹಾಸಿ ಮಲಗಿದವರಿಗೆ ಗೊತ್ತಿರುವಷ್ಟು ಕೇಸ್ ಶೀಟಿಗೂ ಗೊತ್ತಿರುವುದಿಲ್ಲ. ಪಕ್ಕದ ಬೆಡ್ಡಿನವರೂ ಎಲ್ಲ ಕೇಳಿಸಿಕೊಳ್ಳುತ್ತಾರೆ, ಅದೊಂದು ತೊಂದರೆ. ಗುಟ್ಟಿನ ವಿಷಯಗಳನ್ನು ನರ್ಸಿಂಗ್ ಸ್ಟೇಷನ್ನಿಗೆ ಬಂದು ಹೇಳಿಕೊಂಡರೆ ಆಯಿತು. ಇಷ್ಟು ಒಳ್ಳೆಯ ಕ್ರಮ ಇದ್ದೂ ಅದರ ಹಿಂದೆ ನಡೆಯಬೇಕಾದ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿದ್ದೇವಲ್ಲ, ನನ್ನ ತಕರಾರು ಅದು.

ಹಿಂದೆ ನಿಂತು ಕೇಳಿದರಷ್ಟೇ ಸಾಲದು. ಮುಂದೆ ತಾನು ಹೇಳಬೇಕು ಅಂತ ಗೊತ್ತಿದ್ದವರು ಮಾತ್ರ ಓವರನ್ನು ಸರಿಯಾಗಿ ಕೇಳುತ್ತಾರೆ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರದಿಂದಲೇ ಒಬ್ಬ ಪೇಶೆಂಟನ್ನು ಕೊಡುತ್ತೇನೆ. ಸಂಜೆ ಆ ಪೇಶೆಂಟಿನ ಓವರ್ ಕೊಡುವುದು ಆ ವಿದ್ಯಾರ್ಥಿಯೇ. ಎಸ್‌ಬಿಎಆರ್ ಎಂಬ ಕ್ರಮ ಎರಡೂ ಕಡೆ ಪಾಠದಲ್ಲಿದೆ. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಅದು. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ಮುಂದೇನು ಮಾಡಬೇಕು. ನಾಲ್ಕೇ ಪ್ರಶ್ನೆ. ಮೂರನೆಯದಕ್ಕೆ ಬಂದಾಗ ಇಲ್ಲಿಯ ಹುಡುಗಿಯರೂ ತಡವರಿಸುತ್ತಾರೆ. ನಮ್ಮ ಕಾಲದಲ್ಲಂತೂ ನಮಗೆ ಏನಾದರೂ ಅನ್ನಿಸುತ್ತದೆ ಎಂದು ಯಾರೂ ಅಂದುಕೊಂಡಿರಲೇ ಇಲ್ಲ. ನಾಡಿ, ಬಿಪಿ, ಜ್ವರ ನೋಡಿ "ವೈಟಲ್ಸ್ ಸ್ಟೇಬಲ್" ಅಂದರೆ ಮುಗಿಯಿತು.

ಅಕ್ಕನ ಮಗಳು ಈಗ ಮಂಗಳೂರಿನಲ್ಲೇ ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಕೇಳಿದೆ. "ಮಾವ, ನಮಗೆಲ್ಲಿ ಓವರ್? ಬಸ್ಸು ಬರೋದೇ ಎಂಟಕ್ಕೆ" ಅಂದಳು. ಇಷ್ಟು ವರ್ಷವಾದರೂ ಬಸ್ಸು ಅದೇ ಟೈಮಿಗೆ! ಒಂದು ಗಂಟೆ ಮೊದಲು ಹೊರಡಲು ಅದಕ್ಕೇನು ಕಷ್ಟವೋ.

ಹೋದ ವಾರ ಅವಳ ವಾಯ್ಸ್ ಮೆಸೇಜ್ ಬಂತು. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೇಳಿಕೊಂಡು 2 ಗಂಟೆಯವರೆಗೆ ನಿಂತಿದ್ದಳಂತೆ. ಒಂದು ಬೆಡ್ಡಿನ ಓವರ್ ಕೊಟ್ಟಳಂತೆ. ಡ್ರೈನ್, ಅಂದರೆ ದೇಹದೊಳಗಿನ ದ್ರವ ಹೊರತೆಗೆಯುವ ನಳಿಕೆಯಲ್ಲಿ ಎಷ್ಟು ಬಂದಿದೆ ಎಂದು ಹೇಳಲು ಮರೆತಳು. ಸಿಸ್ಟರ್ ಎಲ್ಲರೆದುರೇ ವಾಪಸ್ ಕಳಿಸಿ ಅಳೆದು ಬಾ ಅಂದರು. "180 ಎಂಎಲ್ ಮಾವ" ಅಂದಳು, ನನಗೇ ಓವರ್ ಕೊಡುವವಳ ಹಾಗೆ. ಕಾಲೇಜು ಬಸ್ಸು ಹೋಗಿತ್ತು, ಹಾಸ್ಟೆಲಿಗೆ ಸಿಟಿ ಬಸ್ಸಲ್ಲಿ ನಿಂತುಕೊಂಡೇ ಹೋದಳಂತೆ.